ಜಿಗಿಹುಳು, ರೇಷ್ಮೆಹುಳು, ಮುಂಗುಸಿ ಮತ್ತು ನಾವು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಬೀಜ, ಗೊಬ್ಬರ, ಔಷಧಿ ಅಂಗಡಿ. ಅಪ್ಪ ಶುರುಮಾಡಿದ್ದು, ಮಾನಸಗಂಗೋತ್ರಿಯಲ್ಲಿ ಜೀವರಸಾಯನ ವಿಜ್ಞಾನದ ಎಂ.ಎಸ್ಸಿ. ಮುಗಿಸಿ ಬಂದ ಮೇಲೆ ನಾನು ನೋಡಿಕೊಳ್ಳುತ್ತಿದ್ದೇನೆ. ಕಪಾಟಿನಲ್ಲಿರುವ ಕೀಟನಾಶಕಗಳಲ್ಲಿ ಹೆಚ್ಚಿನವು ಹುಳುವಿನ ನರವನ್ನೇ ಹಿಡಿಯುತ್ತವೆ. ಕೆ.ಎಂ. ದೊಡ್ಡಿ ಕಡೆಯ ಹಿರಿಯ ರೈತರೊಬ್ಬರು ಇಮಿಡಾಕ್ಲೋಪ್ರಿಡ್ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದರು: "ಅಲ್ಲ ಕಣವ್ವ, ಹುಳೀಗೂ ನರ ಅದೆ, ನಮ್ಗೂ ನರ ಅದೆ. ಇದು ಹುಳಾನೇ ಹುಡುಕ್ಕೊಂಡು ಹೋಗಿ ಹಿಡೀತದಾ?"

ಈ ಪ್ರಶ್ನೆಗೆ ಉತ್ತರ ಇದೆ. ಗಿರಾಕಿಗಳ ನಡುವೆ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹುಳುವಿನ ನರ, ರೇಷ್ಮೆಹುಳುವಿನ ನರ, ಹಾವಿನ ವಿಷ, ಮುಂಗುಸಿಯ ಧೈರ್ಯ, ಎಲ್ಲವೂ ಒಂದೇ ಬಗೆಯ ಪ್ರೋಟೀನಿನಲ್ಲಿ ಬಂದು ಸೇರುತ್ತವೆ. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ಆ ಪ್ರೋಟೀನಿನ ಒಂದೋ ಎರಡೋ ಅಮೈನೋ ಆಮ್ಲಗಳ ಮೇಲೆ ನಿಂತಿರುತ್ತದೆ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಾದರೆ ನಡುವಿನ ಸಣ್ಣ ಸಂದಿಗೆ ಒಂದು ರಾಸಾಯನಿಕವನ್ನು ಬಿಡುತ್ತದೆ. ನಮ್ಮ ಸ್ನಾಯುಗಳಿಗೆ "ಕುಗ್ಗು" ಎಂದು ಹೇಳುವುದು ಅಸಿಟೈಲ್‌ಕೋಲಿನ್. ಆಚೆ ಬದಿಯಲ್ಲಿ ಅದನ್ನು ಹಿಡಿಯುವ ಪ್ರೋಟೀನಿಗೆ ರಿಸೆಪ್ಟರ್ ಎನ್ನುತ್ತಾರೆ. ಕೇಂಬ್ರಿಡ್ಜಿನ ಜಾನ್ ಲ್ಯಾಂಗ್ಲಿ 1905ರಲ್ಲೇ, ಕೋಳಿಯ ಸ್ನಾಯುವಿಗೆ ಹೊಗೆಸೊಪ್ಪಿನ ನಿಕೋಟಿನ್ ಹಾಕಿ ನೋಡಿ, ಸ್ನಾಯುವಿನ ಮೇಲೆ ಇಂಥದೊಂದು ಹಿಡಿಯುವ ವಸ್ತು ಇರಲೇಬೇಕು ಎಂದು ಊಹಿಸಿದ್ದರು. ಅದಕ್ಕೆ ಇಂದಿಗೂ ನಿಕೋಟಿನಿಕ್ ರಿಸೆಪ್ಟರ್ ಎಂದೇ ಹೆಸರು. ಐದು ತುಂಡುಗಳು ದುಂಡಗೆ ಕೂಡಿ ನಡುವೆ ಒಂದು ರಂಧ್ರ ಬಿಟ್ಟಿರುತ್ತವೆ. ತುಂಡು ತುಂಡಿನ ನಡುವೆ ಇರುವ ಗೂಡಿಗೆ ಅಸಿಟೈಲ್‌ಕೋಲಿನ್ ಬಂದು ಕೂತರೆ ರಂಧ್ರ ತೆರೆಯುತ್ತದೆ, ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಕುಗ್ಗುತ್ತದೆ. ಇಷ್ಟೂ ಆಗುವುದು ಸೆಕೆಂಡಿನ ಸಾವಿರದ ಕೆಲವೇ ಪಾಲಿನಲ್ಲಿ.

ಆ ಐದರಲ್ಲಿ ಪ್ರತಿಯೊಂದೂ ಅಮೈನೋ ಆಮ್ಲಗಳ ಸರ. ಮಣಿ ಪೋಣಿಸಿದ ಹಾಗೆ, ಇಪ್ಪತ್ತೇ ಬಗೆಯ ಮಣಿ. ಸ್ನಾಯುವಿನ ರಿಸೆಪ್ಟರ್‌ನ ಆಲ್ಫಾ ತುಂಡಿನಲ್ಲಿ ಅಂಥ 437 ಇವೆ, ಮೊದಲಿನಿಂದ ಎಣಿಸಿ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಜಪಾನಿನ ಶೋಸಾಕು ನೂಮಾ ಅವರ ತಂಡ 1982ರಲ್ಲಿ ಟಾರ್ಪಿಡೊ ಎಂಬ ವಿದ್ಯುತ್ ಮೀನಿನಲ್ಲಿ ಈ ಸರವನ್ನು ಪೂರ್ತಿ ಓದಿತು. ಆಮೇಲೆ ಒಂದೊಂದೇ ಅಮೈನೋ ಆಮ್ಲವನ್ನು ಬದಲಿಸಿ, ರಿಸೆಪ್ಟರ್‌ನ ನಡತೆ ಹೇಗೆ ಬದಲಾಗುತ್ತದೆ ಎಂದು ನೋಡುವ ದಾರಿ ತೆರೆಯಿತು.

ಅಂಥ ಪ್ರಯೋಗಗಳಲ್ಲಿ ನನಗೆ ಬಹಳ ಇಷ್ಟವಾದದ್ದು 149ನೆಯ ಜಾಗದ್ದು. ಅಲ್ಲಿ ಟ್ರಿಪ್ಟೋಫ್ಯಾನ್ ಇದೆ. ಅದರ ಪಕ್ಕದ ಉಂಗುರಾಕಾರದ ಭಾಗದ ಮೇಲೆ ಎಲೆಕ್ಟ್ರಾನುಗಳು ಹರಡಿಕೊಂಡಿರುತ್ತವೆ, ಎಂದರೆ ಋಣ ವಿದ್ಯುತ್ತಿನ ಒಂದು ತೆಳುಪದರ. ಅಸಿಟೈಲ್‌ಕೋಲಿನ್‌ಗೆ ಒಂದು ತುದಿಯಲ್ಲಿ ಧನ ವಿದ್ಯುತ್ತು. ಎರಡೂ ಸೆಳೆದುಕೊಳ್ಳುತ್ತವೆ. ಇದನ್ನು ಸಾಬೀತು ಮಾಡಲು ಅಮೆರಿಕದ ಕ್ಯಾಲ್‌ಟೆಕ್‌ನ ಡೆನಿಸ್ ಡೌಗರ್ಟಿ ಮತ್ತು ಹೆನ್ರಿ ಲೆಸ್ಟರ್ ಅವರ ಪ್ರಯೋಗಾಲಯಗಳು 1998ರಲ್ಲಿ ಆ ಒಂದೇ ಟ್ರಿಪ್ಟೋಫ್ಯಾನ್‌ಗೆ ಒಂದು, ಎರಡು, ಮೂರು ಎಂದು ಫ್ಲೋರಿನ್ ಪರಮಾಣುಗಳನ್ನು ಸೇರಿಸುತ್ತಾ ಹೋದವು. ಫ್ಲೋರಿನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಒಂದೊಂದು ಫ್ಲೋರಿನ್ ಸೇರಿದಂತೆಲ್ಲ ರಿಸೆಪ್ಟರ್ ತೆರೆಯಲು ಹೆಚ್ಚು ಹೆಚ್ಚು ಅಸಿಟೈಲ್‌ಕೋಲಿನ್ ಬೇಕಾಯಿತು, ಅದೂ ಕ್ರಮವಾಗಿ. ನಾವು ಬೆರಳು ಮಡಚುವುದರ ಹಿಂದೆ ಇಂಥದೊಂದು ಸೆಳೆತ ಇದೆ ಎಂದು ಮೊದಲು ಓದಿದ ದಿನ ನನಗಾದ ಖುಷಿ ಇನ್ನೂ ಹಾಗೇ ಇದೆ.

ಈಗ ಬಾಟಲಿಗೆ ಬರೋಣ. ಹಿಂದೆ ಹೊಗೆಸೊಪ್ಪು ನೆನೆಸಿದ ನೀರನ್ನೇ ಗಿಡಕ್ಕೆ ಹೊಡೆಯುತ್ತಿದ್ದರು. ನಿಕೋಟಿನ್‌ಗೂ ಧನ ವಿದ್ಯುತ್ತು, ಅಸಿಟೈಲ್‌ಕೋಲಿನ್‌ನಂತೆಯೇ ಅದು ಗೂಡಿಗೆ ಹೋಗಿ ಕೂರುತ್ತದೆ. ಆದರೆ ಹುಳುವಿನ ಗೂಡು, ಮನುಷ್ಯನ ಗೂಡು ಎಂಬ ಭೇದ ಅದಕ್ಕಿಲ್ಲ, ಹೊಡೆಯುವವನಿಗೂ ಅಪಾಯ. 1980ರ ದಶಕದಲ್ಲಿ ಜಪಾನಿನ ರಸಾಯನ ವಿಜ್ಞಾನಿಗಳು ರೂಪಿಸಿದ ಇಮಿಡಾಕ್ಲೋಪ್ರಿಡ್ ಅದೇ ಗೂಡಿಗೆ ಹೋಗುತ್ತದೆ, ಆದರೆ ಬೇರೆ ರೀತಿಯಲ್ಲಿ ಹಿಡಿದುಕೊಳ್ಳುತ್ತದೆ. ಅದರ ತುದಿಯಲ್ಲಿರುವ ನೈಟ್ರೋ ಗುಂಪಿನಲ್ಲಿ ಋಣದ ಅಂಶ. ಕೀಟದ ರಿಸೆಪ್ಟರ್‌ನಲ್ಲಿ ಬೀಟಾ ತುಂಡಿನ 81ನೆಯ ಜಾಗದಲ್ಲಿ ಆರ್ಜಿನಿನ್ ಎಂಬ ಧನ ವಿದ್ಯುತ್ತಿನ ಅಮೈನೋ ಆಮ್ಲ ಇರುತ್ತದೆ. ನಮ್ಮ ಮಿದುಳಿನ ರಿಸೆಪ್ಟರ್‌ನಲ್ಲಿ ಅದೇ ಜಾಗದಲ್ಲಿರುವುದು ಥ್ರಿಯೋನಿನ್, ಅದಕ್ಕೆ ವಿದ್ಯುತ್ತಿಲ್ಲ. ಹಾಗಾಗಿ ಈ ಔಷಧಿ ಹುಳುವಿನ ಗೂಡಿನಲ್ಲಿ ಬಿಗಿಯಾಗಿ ಕೂರುತ್ತದೆ, ನಮ್ಮದರಲ್ಲಿ ಸಡಿಲವಾಗಿ. ಗೂಡು ಬಿಡದೆ ಕೂತಿದ್ದರಿಂದ ರಂಧ್ರ ತೆರೆದೇ ಇರುತ್ತದೆ, ಹುಳು ನಡುಗಿ ನಡುಗಿ ಸಾಯುತ್ತದೆ. ಆ ಹಿರಿಯರಿಗೆ ಇದನ್ನೇ ನನಗೆ ತಿಳಿದ ಸರಳ ಮಾತಿನಲ್ಲಿ ಹೇಳಿದೆ. ಸಡಿಲ ಎಂದರೆ ಹಿಡಿಯುವುದೇ ಇಲ್ಲ ಎಂದಲ್ಲ, ಆದ್ದರಿಂದ ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಬೇಕೇ ಬೇಕು ಎಂದೂ ಹೇಳಿದೆ.

ಹಳೆಯ ಆರ್ಗನೋಫಾಸ್ಫೇಟ್ ಔಷಧಿಗಳಿಗೆ ಈ ಸಣ್ಣ ಭೇದವೂ ಗೊತ್ತಿಲ್ಲ. ಅವು ರಿಸೆಪ್ಟರನ್ನು ಮುಟ್ಟುವುದಿಲ್ಲ. ಕೆಲಸ ಮುಗಿದ ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವದಲ್ಲಿರುವ ಒಂದು ಸೆರಿನ್‌ಗೆ ಅಂಟಿಕೊಳ್ಳುತ್ತವೆ. ಆ ಸೆರಿನ್ ಹುಳುವಿನಲ್ಲೂ ಇದೆ, ನಮ್ಮಲ್ಲೂ ಅದೇ ಇದೆ. ಔಷಧಿ ಹೊಡೆಯುವಾಗ ತಲೆಸುತ್ತಿ ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಬಾಟಲಿಯನ್ನೂ ಒಯ್ಯಿರಿ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ. ಯಾವ ವಿಷ ಎಲ್ಲಿ ಅಂಟಿದೆ ಎಂಬುದರ ಮೇಲೆ ಚಿಕಿತ್ಸೆ ಬೇರೆಯಾಗುತ್ತದೆ.

ನಮ್ಮ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಇಲ್ಲಿ ಭತ್ತದ ಗದ್ದೆಯ ಪಕ್ಕದಲ್ಲೇ ಹಿಪ್ಪುನೇರಳೆ ಕಡ್ಡಿ. ಒಂದೇ ಮನೆಯಲ್ಲಿ ಗದ್ದೆಯೂ ಇರುತ್ತದೆ, ಹುಳುಮನೆಯೂ ಇರುತ್ತದೆ. ರೇಷ್ಮೆಹುಳುವೂ ಕೀಟವೇ, ಇಮಿಡಾಕ್ಲೋಪ್ರಿಡ್‌ಗೆ ಕಾಯುತ್ತಾ ಕೂತ ಆರ್ಜಿನಿನ್ ಅದರ ನರದಲ್ಲೂ ಇದೆ. ಗಾಳಿಯಲ್ಲಿ ತೇಲಿಬಂದ ಔಷಧಿ ಸೊಪ್ಪಿನ ಮೇಲೆ ಕೂತರೆ ಸಾಕು. ಹುಳು ತಲೆ ಆಡಿಸುತ್ತದೆ, ಬಾಯಿಂದ ನೀರು ಕಾರುತ್ತದೆ, ಮೈ ಕುಗ್ಗಿ ಗಿಡ್ಡವಾಗುತ್ತದೆ. ನಾಲ್ಕನೇ ಜ್ವರ, ಎಂದರೆ ಕೊನೆಯ ಸಲ ಪೊರೆ ಕಳಚುವುದು, ದಾಟಿ, ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಂಕಿಗೆ ಬಿಡಬೇಕು ಎನ್ನುವ ಹೊತ್ತಿಗೆ ತಟ್ಟೆತಟ್ಟೆಯೇ ಹೋದದ್ದನ್ನು ಹೇಳಿ ಅಂಗಡಿಯ ಬೆಂಚಿನ ಮೇಲೆ ಕೂತು ಅತ್ತ ಹೆಂಗಸರನ್ನು ನೋಡಿದ್ದೇನೆ. ಔಷಧಿ ಹೊಡೆದದ್ದು ಅವರ ಮೈದುನನೇ ಆಗಿರುತ್ತಾನೆ, ಅವರ ಗದ್ದೆಗೇ.

ಬಾಟಲಿಯ ಮೇಲಿನ ತ್ರಿಕೋನ ಈ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಕೆಂಪು, ಹಳದಿ, ನೀಲಿ, ಹಸಿರು ಎಂಬ ಆ ಬಣ್ಣಗಳನ್ನು ಇಲಿಯಂಥ ಸಸ್ತನಿಗೆ ಎಷ್ಟು ತಿನ್ನಿಸಿದರೆ ಸಾಯುತ್ತದೆ ಎಂಬ ಲೆಕ್ಕದ ಮೇಲೆ ಕೊಟ್ಟಿರುತ್ತಾರೆ. ಹಸಿರು ಎಂದರೆ ಇಲಿಗೆ, ಆ ಮೂಲಕ ನಮಗೆ, ತೀರಾ ಕಡಿಮೆ ಅಪಾಯ. ಭತ್ತದ ಕಾಂಡಕೊರಕಕ್ಕೂ ಕಬ್ಬಿನ ಸುಳಿಕೊರಕಕ್ಕೂ ಕೊಡುವ ಕ್ಲೋರಾಂಟ್ರಾನಿಲಿಪ್ರೋಲ್‌ಗೆ ಹಸಿರು ತ್ರಿಕೋನ. ಅದು ಹಿಡಿಯುವುದು ಸ್ನಾಯುವಿನೊಳಗಿನ ಬೇರೊಂದು ಪ್ರೋಟೀನನ್ನು, ಆದರೆ ರೇಷ್ಮೆಹುಳುವಿಗೆ ಅದರ ಕಣವೂ ಸಾಕು. "ಹಸ್ರು ಗುರ್ತಿಂದು ಕಣಕ್ಕ, ಏನೂ ಆಗಾಕಿಲ್ಲ" ಎಂದುಕೊಂಡು ಹಿಪ್ಪುನೇರಳೆ ಬದುವಿನವರೆಗೂ ಹೊಡೆದವರಿದ್ದಾರೆ. ರೇಷ್ಮೆ ಬೆಳೆಯುವ ತಾಲ್ಲೂಕುಗಳಲ್ಲಿ ಮಾರುವ ಬಾಟಲಿಯ ಮೇಲೆ "ರೇಷ್ಮೆಹುಳುವಿಗೆ ವಿಷ" ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಗುರುತು ಬರುವತನಕ ನಾನೇ ಸ್ಕೆಚ್ ಪೆನ್ನಿನಲ್ಲಿ ಬರೆದು ಕೊಡುತ್ತೇನೆ.

ಇನ್ನು ಜಿಗಿ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, ಪೈರು ಎದೆಯೆತ್ತರ ಬೆಳೆದು, ತೆನೆ ಕಟ್ಟುವ ಹೊತ್ತಿಗೆ ಗದ್ದೆಯ ನಡುವೆ ದುಂಡಗೆ ಸುಟ್ಟಂತೆ ಕಾಣುವ ಜಾಗಗಳು ಹುಟ್ಟುತ್ತವೆ. ಬುಡವನ್ನು ಬಗ್ಗಿಸಿ ನೋಡಿದರೆ ನೀರಿಗಿಂತ ಸ್ವಲ್ಪ ಮೇಲೆ ಕಂದು ಜಿಗಿಹುಳು ಸಾಲಾಗಿ ಕೂತು ರಸ ಹೀರುತ್ತಿರುತ್ತವೆ. "ಹೋದ್ ವರ್ಸ ಕೊಟ್ಟಿದ್ದೇ ಹೊಡ್ದೆ ಕಣಕ್ಕ, ಜಿಗಿ ಅಂಗೇ ಕೂತದೆ. ಇನ್ನೊಸಿ ಜಾಸ್ತಿ ಹಾಕ್ಲಾ?" ಎಂದು ಕೇಳುತ್ತಾರೆ. ಹೆಚ್ಚು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ 2005ರಲ್ಲಿ ಪ್ರಕಟವಾಯಿತು. ಚೀನಾ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕಂದು ಜಿಗಿಹುಳುವಿಗೆ ಪೀಳಿಗೆಯಿಂದ ಪೀಳಿಗೆಗೆ ಇಮಿಡಾಕ್ಲೋಪ್ರಿಡ್ ಕೊಡುತ್ತಾ ಬದುಕಿದವನ್ನೇ ಸಾಕಿದರು. ಕೊನೆಗೆ ಉಳಿದ ಹುಳುಗಳ ರಿಸೆಪ್ಟರ್‌ನಲ್ಲಿ ಎರಡು ಆಲ್ಫಾ ತುಂಡುಗಳ 151ನೆಯ ಜಾಗ ಬದಲಾಗಿತ್ತು. ಟೈರೋಸಿನ್ ಇದ್ದ ಕಡೆ ಸೆರಿನ್ ಬಂದಿತ್ತು. ಅಷ್ಟೇ ಬದಲಾವಣೆ, ಔಷಧಿಗೆ ಹಿಡಿತ ತಪ್ಪಿತು. ದಕ್ಷಿಣ ಫ್ರಾನ್ಸಿನ ಪೀಚ್ ತೋಟಗಳ ಹಸಿರು ಹೇನಿನಲ್ಲಿ ಇನ್ನೂ ಸೋಜಿಗದ್ದು ಕಂಡಿತು, 2011ರಲ್ಲಿ ವರದಿಯಾಯಿತು. ಮೇಲೆ ಹೇಳಿದ 81ನೆಯ ಆರ್ಜಿನಿನ್ ಹೋಗಿ ಅಲ್ಲಿ ಥ್ರಿಯೋನಿನ್ ಬಂದಿತ್ತು. ಆ ಒಂದು ಜಾಗದ ಮಟ್ಟಿಗೆ ಹೇನು ನಮ್ಮಂತಾಗಿ ಬದುಕಿಕೊಂಡಿತು.

ಗದ್ದೆಯಲ್ಲಿರುವ ಜಿಗಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಏಷ್ಯಾದ ಹೊಲಗಳಲ್ಲಿ ಅದು ಹೆಚ್ಚಾಗಿ ಹಿಡಿದ ದಾರಿ ಬೇರೆ. ಸಿವೈಪಿ6ಇಆರ್1 ಎಂಬ ಕಿಣ್ವವನ್ನು ಹೆಚ್ಚು ಹೆಚ್ಚು ತಯಾರಿಸಿ, ಔಷಧಿ ನರ ಮುಟ್ಟುವ ಮೊದಲೇ ಅದನ್ನು ಜೀರ್ಣಿಸಿಕೊಳ್ಳುತ್ತದೆ. ದಾರಿ ಯಾವುದಾದರೂ, ಅದೇ ಔಷಧಿಯನ್ನು ವರ್ಷವರ್ಷವೂ ಹೊಡೆದರೆ ಬದುಕಿದ ಹುಳುವಿನ ಮಕ್ಕಳೇ ಮುಂದಿನ ಸಾಲಿಗೆ ಬರುತ್ತವೆ. ಟ್ರೈಫ್ಲುಮೆಜೋಪೈರಿಮ್ ಎಂಬ ಹೊಸ ಔಷಧಿ ಅದೇ ಗೂಡಿಗೆ ಹೋಗಿ, ರಂಧ್ರ ತೆರೆಯುವ ಬದಲು ಮುಚ್ಚಿಡುತ್ತದೆ. ಒಳ್ಳೆಯದೇ, ಆದರೆ ಅದನ್ನೂ ಹೀಗೇ ಸುರಿದರೆ ಅದರ ಆಯುಸ್ಸೂ ಮುಗಿಯುತ್ತದೆ. ನಾಟಿ ಮಾಡುವಾಗಲೇ ಎರಡು ಮೀಟರಿಗೊಂದು ಅಡಿಯಗಲದ ಓಣಿ ಬಿಡುವುದು, ಯೂರಿಯಾ ಕೈಹಿಡಿದು ಹಾಕುವುದು, ಜಿಗಿ ಕಂಡಾಗ ಗದ್ದೆಯ ನೀರು ಬಸಿಯುವುದು, ಇವಕ್ಕೆ ತಿರುಗಿಬೀಳುವ ಅಮೈನೋ ಆಮ್ಲ ಯಾವ ಹುಳುವಿನಲ್ಲೂ ಇಲ್ಲ. ಔಷಧಿ ಮಾರುವವಳಾಗಿ ಇದನ್ನು ಹೇಳಿದರೆ ವ್ಯಾಪಾರ ಕಡಿಮೆಯಾಗುತ್ತದೆ; ಆಗಲಿ.

ಫಿಪ್ರೋನಿಲ್ ಎಂಬ ಕೀಟನಾಶಕ ಹಿಡಿಯುವುದು ಇನ್ನೊಂದು ರಿಸೆಪ್ಟರನ್ನು. ನರವನ್ನು ಸುಮ್ಮನಾಗಿಸುವ ಗಾಬಾ ಎಂಬ ರಾಸಾಯನಿಕದ ರಿಸೆಪ್ಟರ್ ಅದು, ಫಿಪ್ರೋನಿಲ್ ಅದರ ರಂಧ್ರಕ್ಕೆ ಅಡ್ಡ ಕೂತು ನರವನ್ನು ಹುಚ್ಚೆಬ್ಬಿಸುತ್ತದೆ. ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಜನ ಅನುಭವಿಸಿದ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಎಂಡೋಸಲ್ಫಾನ್ ಕೂಡ ಇದೇ ರಂಧ್ರವನ್ನು ಮುಚ್ಚುವಂಥದ್ದು. ಈ ಗುಂಪಿನ ಹಳೆಯ ವಿಷವಾದ ಡೀಲ್ಡ್ರಿನ್‌ಗೆ ಹಣ್ಣುನೊಣ ಹೇಗೆ ಬಗ್ಗದೆ ನಿಂತಿತು ಎಂಬುದು 1993ರಲ್ಲಿ ತಿಳಿಯಿತು. ರಂಧ್ರದ ಗೋಡೆಯಲ್ಲಿ ಒಂದು ಅಲನಿನ್ ಹೋಗಿ ಸೆರಿನ್ ಬಂದಿತ್ತು. ಎರಡಕ್ಕೂ ಒಂದೇ ಒಂದು ಆಮ್ಲಜನಕದ ಪರಮಾಣುವಿನ ವ್ಯತ್ಯಾಸ.

ಇನ್ನು ಹಾವಿನ ವಿಷ. ಗದ್ದೆಯ ಬದುವಿನಲ್ಲಿ ಇಲಿ ಬಿಲ, ಇಲಿಯ ಹಿಂದೆ ನಾಗರಹಾವು. ನಮ್ಮ ಕಡೆ ಕಳೆ ಕೀಳುವವರು, ಕಬ್ಬು ಕಡಿಯುವವರು, ರಾತ್ರಿ ನೀರು ಕಟ್ಟಲು ಹೋಗುವವರು ಇದರ ಭಯದಲ್ಲೇ ಕೆಲಸ ಮಾಡುತ್ತಾರೆ. ನಾಗರಹಾವಿನ ನರವಿಷ ಕೂಡ ಒಂದು ಸಣ್ಣ ಪ್ರೋಟೀನು, 60ರಿಂದ 75 ಅಮೈನೋ ಆಮ್ಲಗಳದ್ದು. ಅದಕ್ಕೆ ಮೂರು ಕವಲು, ನಡುಕವಲಿನ ತುದಿಯಲ್ಲಿ ಒಂದು ಆರ್ಜಿನಿನ್. ನಮ್ಮ ಸ್ನಾಯುವಿನ ರಿಸೆಪ್ಟರ್‌ನಲ್ಲಿ ಅಸಿಟೈಲ್‌ಕೋಲಿನ್ ಕೂರಬೇಕಾದ, 149ನೆಯ ಟ್ರಿಪ್ಟೋಫ್ಯಾನ್ ಇರುವ ಗೂಡಿನೊಳಕ್ಕೇ ಆ ಆರ್ಜಿನಿನ್ ನುಗ್ಗಿ, ಅಸಿಟೈಲ್‌ಕೋಲಿನ್‌ನ ಧನ ವಿದ್ಯುತ್ತಿನ ಜಾಗವನ್ನು ತಾನು ಹಿಡಿಯುತ್ತದೆ. ರಂಧ್ರ ಮಾತ್ರ ತೆರೆಯುವುದಿಲ್ಲ. ಮೊದಲು ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ನಿಲ್ಲುತ್ತವೆ.

ಮುಂಗುಸಿ ಹಾವಿನೊಡನೆ ಕಾದಾಡಿದ ಮೇಲೆ ಯಾವುದೋ ಬೇರು ತಿಂದು ವಿಷ ಇಳಿಸಿಕೊಳ್ಳುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಮಳವಳ್ಳಿ ಸೀಮೆಯಲ್ಲಿ ಇಂದಿಗೂ ಆ ಬೇರನ್ನು ಬಲ್ಲೆವು ಎನ್ನುವವರಿದ್ದಾರೆ. ಬೇರು ಮುಂಗುಸಿಯ ಮೈಯೊಳಗೇ ಇದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಾರಾ ಫುಕ್ಸ್ ಮತ್ತು ಸಂಗಡಿಗರು 1992ರಲ್ಲಿ ಮುಂಗುಸಿಯ ರಿಸೆಪ್ಟರನ್ನು ಓದಿದರು. 187ರಿಂದ 189ರವರೆಗಿನ ಮೂರು ಜಾಗಗಳನ್ನು ನೋಡಿ. ಸಣ್ಣ ಇಲಿಯಲ್ಲಿ ಟ್ರಿಪ್ಟೋಫ್ಯಾನ್, ವ್ಯಾಲಿನ್, ಫಿನೈಲ್‌ಅಲನಿನ್. ಮುಂಗುಸಿಯಲ್ಲಿ ಆಸ್ಪರಜಿನ್, ವ್ಯಾಲಿನ್, ಥ್ರಿಯೋನಿನ್. ಆಸ್ಪರಜಿನ್ ಬಂದು, ಒಂದು ಜಾಗ ಬಿಟ್ಟು ಥ್ರಿಯೋನಿನ್ ಅಥವಾ ಸೆರಿನ್ ಬಂದರೆ ಜೀವಕೋಶವು ಆ ಆಸ್ಪರಜಿನ್‌ಗೆ ಸಕ್ಕರೆಯ ಒಂದು ಕವಲನ್ನು ಜೋಡಿಸುತ್ತದೆ. ಗೂಡಿನ ಬಾಯಲ್ಲಿ ನಿಂತ ಆ ಸಕ್ಕರೆ ಪುಟ್ಟ ಅಸಿಟೈಲ್‌ಕೋಲಿನ್‌ಗೆ ದಾರಿ ಕೊಡುತ್ತದೆ, ದೊಡ್ಡ ವಿಷಕ್ಕೆ ಕೊಡುವುದಿಲ್ಲ. ಇದರ ಜೊತೆಗೆ 194 ಮತ್ತು 197ರಲ್ಲಿದ್ದ ಪ್ರೋಲಿನ್‌ಗಳೂ ಮುಂಗುಸಿಯಲ್ಲಿ ಬದಲಾಗಿವೆ. ಹಾವು ತನ್ನ ವಿಷಕ್ಕೆ ತಾನು ಸಾಯದಿರುವುದೂ ಇದೇ ಉಪಾಯದಿಂದ, ಅದರಲ್ಲಿ ಆಸ್ಪರಜಿನ್ ಇರುವುದು 189ರಲ್ಲಿ. ಹಂದಿಯದು ಇನ್ನೊಂದು ಬಗೆ. 187ರಲ್ಲಿ ಆರ್ಜಿನಿನ್ ಇದ್ದು, ಧನ ವಿದ್ಯುತ್ತಿನ ವಿಷವನ್ನು ಹತ್ತಿರ ಬರಗೊಡುವುದಿಲ್ಲ.

ಮನುಷ್ಯನಲ್ಲಿ ಆ ಮೂರು ಜಾಗಗಳಲ್ಲಿರುವುದು ಸೆರಿನ್, ವ್ಯಾಲಿನ್, ಥ್ರಿಯೋನಿನ್. ಮುಂಗುಸಿಯದನ್ನು ಪಕ್ಕದಲ್ಲಿಟ್ಟು ಓದಿದರೆ ಮೊದಲನೆಯದೊಂದೇ ಬೇರೆ. ಥ್ರಿಯೋನಿನ್ ನಮ್ಮಲ್ಲೂ ಸಿದ್ಧವಾಗಿ ಕೂತಿದೆ. ಸಕ್ಕರೆ ಕೂರಲು ಬೇಕಾದ ಆಸ್ಪರಜಿನ್ ಒಂದಿಲ್ಲ. ಇದನ್ನು ಕಾಗದದ ಮೇಲೆ ಬರೆದು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬುದು ಅಧ್ಯಯನವೊಂದರ ಅಂದಾಜು.

ಆ ಆಸ್ಪರಜಿನ್ ಇಲ್ಲದವರಿಗೆ ಮಂತ್ರವಾಗಲಿ, ಕಚ್ಚಿದ ಜಾಗ ಕೊಯ್ಯುವುದಾಗಲಿ ಗೂಡಿನಿಂದ ವಿಷವನ್ನು ಬಿಡಿಸಲಾರದು. ಹಾವು ಕಡಿದವರನ್ನು ಅಲುಗಾಡಿಸದೆ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಒಯ್ಯಬೇಕು, ಪ್ರತಿವಿಷ ಅಲ್ಲಿ ಸಿಗಬೇಕು. ನಾಗರಹಾವಿನ ಕಡಿತಕ್ಕೆ ಅದರ ಜೊತೆ ನಿಯೋಸ್ಟಿಗ್ಮಿನ್ ಕೊಡುವುದುಂಟು. ಅದು ಅಸಿಟೈಲ್‌ಕೋಲಿನ್ ಒಡೆಯದಂತೆ ತಡೆದು, ಗೂಡಿಗಾಗಿ ವಿಷದೊಡನೆ ಪೈಪೋಟಿ ನಡೆಸಲು ಬಲ ಕೊಡುತ್ತದೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವ ಕಟ್ಟುಹಾವಿನಲ್ಲಿ ನರದ ತುದಿಯನ್ನೇ ಹಾಳುಮಾಡುವ ಇನ್ನೊಂದು ವಿಷವೂ ಇರುವುದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ತಡವಾದರೂ ಬಹಳ ಬೇಕಾಗಿದ್ದ ಕೆಲಸ.

ಸ್ನಾಯುವಿನ ಇದೇ ರಿಸೆಪ್ಟರ್‌ನಲ್ಲಿ ಒಂದು ಅಮೈನೋ ಆಮ್ಲ ತಪ್ಪಿ ಹುಟ್ಟುವ ಮಕ್ಕಳೂ ಇದ್ದಾರೆ. ರೆಪ್ಪೆ ಎತ್ತಲಾಗದ, ಬೇಗ ಸೋಲುವ ಇಂಥ ಮಕ್ಕಳ ಕಾಯಿಲೆಗೆ ಜನ್ಮಜಾತ ಮಯಸ್ತೇನಿಯಾ ಎನ್ನುತ್ತಾರೆ. 153ನೆಯ ಗ್ಲೈಸಿನ್ ಸೆರಿನ್ ಆದರೆ ಅಸಿಟೈಲ್‌ಕೋಲಿನ್ ಗೂಡು ಬಿಡಲು ತಡಮಾಡುತ್ತದೆ, ರಂಧ್ರ ಹೆಚ್ಚು ಹೊತ್ತು ತೆರೆದಿದ್ದು ಸ್ನಾಯು ಹಾಳಾಗುತ್ತದೆ. ಮಯಸ್ತೇನಿಯಾಕ್ಕೆ ಸಾಮಾನ್ಯವಾಗಿ ಕೊಡುವ ಪಿರಿಡೋಸ್ಟಿಗ್ಮಿನ್ ಈ ಮಕ್ಕಳಿಗೆ ಹಾನಿ, ಬೇರೆ ಬಗೆಯ ದೋಷವಿರುವ ಮಕ್ಕಳಿಗೆ ಅದೇ ಆಸರೆ. ಯಾವ ಅಮೈನೋ ಆಮ್ಲ ಬದಲಾಗಿದೆ ಎಂದು ಜೀನ್ ಪರೀಕ್ಷೆಯಿಂದ ತಿಳಿಯದೆ ಮಾತ್ರೆ ಬರೆಯುವುದು ಕಷ್ಟ.

ಮತ್ತೆ ಹಾವಿಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ಹಾವಿನ ವಿಷಗಳ ಮೇಲೆ ಕೆಲಸ ಮಾಡುತ್ತಿದೆ. ಈಗಿನ ಪ್ರತಿವಿಷವನ್ನು ಕುದುರೆಗೆ ವಿಷ ಕೊಟ್ಟು ಅದರ ರಕ್ತದಿಂದ ತಯಾರಿಸುತ್ತಾರೆ, ಕೆಲವರ ಮೈಗೆ ಅದು ಒಗ್ಗುವುದಿಲ್ಲ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯೊಡನೆ ಸೇರಿ ಈ ಪ್ರಯೋಗಾಲಯ 2024ರಲ್ಲಿ 95ಮ್ಯಾಟ್5 ಎಂಬ ಪ್ರತಿಕಾಯವನ್ನು ಪ್ರಕಟಿಸಿತು. ಮನುಷ್ಯರದೇ ಮಾದರಿಯ ಪ್ರತಿಕಾಯಗಳನ್ನು ಯೀಸ್ಟ್ ಕೋಶಗಳ ಮೇಲೆ ಬೆಳೆಸಿ, ನರವಿಷಕ್ಕೆ ಅಂಟುವುದನ್ನು ಜರಡಿ ಹಿಡಿದು ಆರಿಸಿದರು. ಆರಿಸಿ ಬಂದದ್ದರ ರಚನೆ ನೋಡಿದಾಗ ಅದು ವಿಷವನ್ನು ಹಿಡಿಯುವ ರೀತಿ ನಮ್ಮ ರಿಸೆಪ್ಟರ್‌ನ ಗೂಡನ್ನೇ ಅನುಕರಿಸುತ್ತಿತ್ತು. ವಿಷ ಸ್ನಾಯುವಿಗೆ ಹೋಗುವ ಬದಲು ರಕ್ತದಲ್ಲೇ ಇದಕ್ಕೆ ಸಿಕ್ಕಿಬೀಳುತ್ತದೆ. ಸಣ್ಣ ಇಲಿಗಳಲ್ಲಿ ಇದು ನಾಗರಹಾವಿನ ಜಾತಿಯೊಂದರ, ಕಾಳಿಂಗ ಸರ್ಪದ, ಆಫ್ರಿಕದ ಕಪ್ಪು ಮಾಂಬಾದ ವಿಷದಿಂದ ಜೀವ ಉಳಿಸಿತು. ಉದ್ದ ಸರದ ನರವಿಷಗಳಿಗೆ ಮಾತ್ರ ಇದು ಒದಗುತ್ತದೆ. ನಮ್ಮ ಗದ್ದೆಗಳಲ್ಲಿ ಕಾಲಿಗೆ ಸಿಗುವ ಕೊಳಕುಮಂಡಲ ರಕ್ತವನ್ನು ಕೆಡಿಸುವಂಥದ್ದು, ಅದಕ್ಕೆ ಬೇರೆ ಪ್ರತಿಕಾಯ ಬೇಕು. ಕಟ್ಟುಹಾವಿನ ಆ ಇನ್ನೊಂದು ವಿಷಕ್ಕೆ ಮತ್ತೊಂದು. ಎಲ್ಲವನ್ನೂ ಒಂದೇ ಸೀಸೆಗೆ ಸೇರಿಸುವ ಹುಡುಕಾಟ ನಡೆದಿದೆ, ಅದು ಮನುಷ್ಯರಿಗೆ ಬರುವತನಕ ಮದ್ದೂರಿನ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಕುದುರೆಯ ಪ್ರತಿವಿಷ ಖಾಲಿಯಾಗದಂತೆ ನೋಡಿಕೊಳ್ಳಬೇಕು.